ಸಿಂಗರಿಸಿದ್ದು ಸಾಕು, ಒಂದು ಕೆಲಸ ಹೇಳಿ!

(ಕಾಲ್ಪನಿಕ ಸಂದರ್ಶನ)

ಇಂಗ್ಲೆಂಡಿನ ಒಂದು ಮನೆಯ ಮಹಡಿ ಕೋಣೆ. ಮೇಜಿನ ಮೇಲೆ ಕಮೊಡೋರ್ ಕಂಪನಿಯ ಅಮಿಗಾ 500, 1987ರ ಮಾದರಿ. ಯಜಮಾನರು ಚಹಾ ಮಾಡಲು ಕೆಳಗಿಳಿದ ಹೊತ್ತು ನೋಡಿ ಅದರೊಳಗೆ ಕೂತು, ಟೈಪ್ ಮಾಡಿದ ಕಮಾಂಡುಗಳನ್ನು ನಡೆಸುವ ಶೆಲ್ ಮಹಾಶಯರನ್ನು ಮಾತಿಗೆಳೆದೆವು.

ಪತ್ರಿಕೆ: ಹೇಗಿದ್ದೀರಿ?

ಶೆಲ್: ಕಾಣ್ತಿಲ್ವೇ? ಈ ವಾರ ಕಿತ್ತಳೆ. ಹೋದ ವಾರ ಕಪ್ಪು. ನಮ್ಮ ವರ್ಕ್‌ಬೆಂಚ್‌ನಲ್ಲಿ ಅಂದರೆ ಐಕಾನುಗಳ ಪರದೆಯಲ್ಲಿ ಇರೋದೇ ನಾಲ್ಕು ಬಣ್ಣ: ನೀಲಿ, ಬಿಳಿ, ಕಪ್ಪು, ಕಿತ್ತಳೆ. ಅಷ್ಟರಲ್ಲೇ ನಮ್ಮ ಯಜಮಾನರದು ನಿತ್ಯೋತ್ಸವ.

ಪತ್ರಿಕೆ: ತಮ್ಮ ಕುಲಗೋತ್ರ?

ಶೆಲ್: ದತ್ತು ಬಂದವನು ಸ್ವಾಮಿ. ಅಮಿಗಾಕ್ಕೆ ಬೇರೆ ಡಾಸ್ ಮಾಡೋ ಯೋಜನೆ ಇತ್ತು, ಹೊತ್ತಿಗೆ ಕೈಗೂಡಲಿಲ್ಲ. 1985ರಲ್ಲಿ ಯಂತ್ರ ಬಿಡುಗಡೆಯ ಗಡಿಬಿಡಿ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಟ್ರೈಪಾಸ್ ಅನ್ನೋ ಸಿಸ್ಟಮ್ಮನ್ನ ಬ್ರಿಸ್ಟಲ್‌ನ ಮೆಟಾಕಾಮ್‌ಕೋ ಕಂಪನಿಯವರು ಹೊಂದಿಸಿಕೊಟ್ಟರು, ನಾನು ಬಂದು ಕೂತೆ. ನನ್ನ ಮನೆಮಾತು ಬಿಸಿಪಿಎಲ್. ಇಲ್ಲಿ ಮಿಕ್ಕವರು ಹೆಚ್ಚಾಗಿ ಆಡೋದು ಸಿ. ಮೆಮೊರಿಯ ವಿಳಾಸ ಹೇಳಬೇಕಾದರೂ ನನಗೆ ನಾಲ್ಕರಿಂದ ಭಾಗಿಸಿ ಹೇಳಬೇಕು. ಪ್ರೋಗ್ರಾಮರ್‌ಗಳ ಬಾಯಲ್ಲಿ ತಿಂದ ಬೈಗುಳ ಇಷ್ಟಿಷ್ಟಲ್ಲ.

ಪತ್ರಿಕೆ: ಮನೆಯಲ್ಲಿ ಮರ್ಯಾದೆ ಇತ್ತೇ?

ಶೆಲ್: ಮರ್ಯಾದೆಯಂತೆ! ಆಗ ನನ್ನ ಹೆಸರು ಸಿಎಲ್‌ಐ. ಪ್ರಿಫರೆನ್ಸಸ್‌ಗೆ ಹೋಗಿ 'ಆನ್' ಒತ್ತದಿದ್ದರೆ ನನ್ನ ಐಕಾನೇ ಕಾಣ್ತಿರಲಿಲ್ಲ. ಆದರೆ ಬೆಳಗ್ಗೆ ಯಂತ್ರ ಎಬ್ಬಿಸೋಕೆ ನಾನೇ ಬೇಕು. 'ಸ್ಟಾರ್ಟಪ್-ಸೀಕ್ವೆನ್ಸ್' ಅನ್ನೋ ಫೈಲನ್ನ ಸಾಲುಸಾಲಾಗಿ ನಡೆಸಿ, ಕೊನೆಗೆ 'ಲೋಡ್‌ಡಬ್ಲ್ಯೂಬಿ' ಅಂತ ವರ್ಕ್‌ಬೆಂಚ್ ಸಾಹೇಬರನ್ನ ಕರೆದು ಕೂರಿಸ್ತೀನಿ. ಅವರು ಕೂತರೋ ಇಲ್ಲವೋ, ಮುಂದಿನ ಸಾಲು 'ಎಂಡ್‌ಸಿಎಲ್‌ಐ'. ಚಪ್ಪರ ಹಾಕಿದವನನ್ನ ಊಟದ ಹೊತ್ತಿಗೆ ಆಚೆ ಕಳಿಸಿದ ಹಾಗೆ. ಹೋಗುವಾಗ ನಾನು ಗೊಣಗಿದ್ದೂ ಯಾರಿಗೂ ಕೇಳಿಸಬಾರದು ಅಂತ ಅದನ್ನ 'ನಿಲ್:'ಗೆ ತಿರುಗಿಸಿರ್ತಾರೆ. ಅಲ್ಲಿಗೆ ಹೋದದ್ದು ವಾಪಸ್ ಬರಲ್ಲ.

(ಈ 'ನಿಲ್:' ಸೌಲಭ್ಯವನ್ನು ಅಹವಾಲು ಸ್ವೀಕರಿಸುವ ಎಷ್ಟೋ ಕಚೇರಿಗಳು ಕಂಪ್ಯೂಟರ್ ಇಲ್ಲದೆಯೇ ಒದಗಿಸುತ್ತಿವೆ. -ಸಂ.)

ಪತ್ರಿಕೆ: 1988ರಲ್ಲಿ ಬಡ್ತಿ ಸಿಕ್ಕಿತಲ್ಲ?

ಶೆಲ್: ಸಿಕ್ಕಿತು, 1.3 ಆವೃತ್ತಿಯಲ್ಲಿ ಶೆಲ್ ಆದೆ. ಬಾಣದ ಕೀ ಒತ್ತಿದರೆ ಹಿಂದಿನ ಸಾಲು ವಾಪಸ್, ಕಮಾಂಡಿಗೆ ಅಡ್ಡಹೆಸರಿಡೋಕೆ ಅಲಿಯಾಸು, ಒಳ್ಳೇ ಪ್ರಾಂಪ್ಟು. ಶನಿ ವಕ್ಕರಿಸಿದ್ದು ಅಲ್ಲಿಂದಲೇ. ಮೊದಲು '1>' ಅಂದ್ಕೊಂಡು ನೆಮ್ಮದಿಯಾಗಿದ್ದೆ. ಈಗ ಪ್ರಾಂಪ್ಟಿನಲ್ಲಿ %ಎನ್ ಬರೆದರೆ ಎಷ್ಟನೇ ಶೆಲ್ಲು ಅಂತ, %ಎಸ್ ಬರೆದರೆ ಯಾವ ಡೈರೆಕ್ಟರಿಯಲ್ಲಿದ್ದೀನಿ ಅಂತ ಹೇಳಬೇಕು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗ್ತಿತ್ತು. ಇವರು ನಕ್ಷತ್ರ ಚಿಹ್ನೆ, ಇ, ಚೌಕ ಕಂಸ, 33, ಎಂ ಅಂತ ಮಂತ್ರ ಹಾಕಿ ಕಿತ್ತಳೆ ಬಳಿದರು. ಬಳಿದದ್ದನ್ನ ಇಳಿಸೋ ಮಂತ್ರ ಬರೆಯೋದು ಮರೆತರು. ಅವರು ಟೈಪ್ ಮಾಡಿದ್ದೂ ಕಿತ್ತಳೆ, ನಾನು ತೋರಿಸಿದ ಎರರೂ ಕಿತ್ತಳೆ.

ಪತ್ರಿಕೆ: ಅಲಿಯಾಸಿನಿಂದ ಅನುಕೂಲವಾಗಿರಬೇಕು.

ಶೆಲ್: ಆಫೀಸಿನ ಪಿಸಿ ಕೈಗೆ ಒಗ್ಗಿತ್ತು, ಅದಕ್ಕೇ 'ಡಿಲೀಟ್'ಗೆ 'ಡೆಲ್' ಅಂತಿಟ್ಟರು, 'ಮೇಕ್‌ಡಿರ್'ಗೆ 'ಎಂಡಿ'. ಒಪ್ಪಿಕೊಂಡೆ. ಆಮೇಲೆ ಎಲ್ಲದಕ್ಕೂ ಒಂದೊಂದೇ ಅಕ್ಷರ. ಮೊನ್ನೆ ಗೆಳೆಯರ ಅಮಿಗಾ ಮುಂದೆ ಕೂತು 'ಎಲ್' ಒತ್ತಿದರಂತೆ, ಅದು 'ಅನ್‌ನೋನ್ ಕಮಾಂಡ್' ಅಂದಿದೆ. ನಿಮ್ಮ ಮಷೀನು ಕೆಟ್ಟಿದೆ ಅಂತ ಹೇಳಿ ಎದ್ದು ಬಂದಿದಾರೆ.

ಪತ್ರಿಕೆ: ಯಜಮಾನರು ಒಂದೂ ಒಳ್ಳೆಯ ಕೆಲಸ ಮಾಡಿಲ್ಲವೇ?

ಶೆಲ್: ಮಾಡಿದಾರೆ, ಸುಳ್ಳು ಹೇಳಬಾರದು. ನನ್ನ ಕಮಾಂಡುಗಳಲ್ಲಿ ಬಹುಪಾಲು ಫ್ಲಾಪಿಯ 'ಸಿ:' ಡೈರೆಕ್ಟರಿಯಲ್ಲಿರೋ ಬಿಡಿಬಿಡಿ ಫೈಲು. ಮನೆಯಲ್ಲಿ ಒಂದೇ ಡ್ರೈವು. ಆಟದ ಫ್ಲಾಪಿ ಹಾಕಿ ಅದರಲ್ಲಿ ಏನಿದೆ ಅಂತ 'ಡಿರ್' ಕೊಟ್ಟರೆ, ಮೊದಲು ವರ್ಕ್‌ಬೆಂಚ್ ಡಿಸ್ಕ್ ಹಾಕಿ ಅಂತೀನಿ, ಏಕೆಂದರೆ 'ಡಿರ್' ಇರೋದು ಅಲ್ಲಿ. ಹಾಕ್ತಾರೆ. ನಾನು 'ಡಿರ್' ಎತ್ತಿಕೊಂಡು ಡ್ರೈವಿನಲ್ಲಿರೋದನ್ನ ಪಟ್ಟಿ ಮಾಡ್ತೀನಿ. ಡ್ರೈವಿನಲ್ಲಿ ಏನಿದೆ? ವರ್ಕ್‌ಬೆಂಚು! ಆಗ ಇವರು 'ರೆಸಿಡೆಂಟ್' ಕಲಿತು ಅದನ್ನ ಮೆಮೊರಿಯಲ್ಲೇ ಇರಿಸಿದರು. ಇರೋ 512 ಕಿಲೋಬೈಟಿನಲ್ಲೇ ಜಾಗ ಮಾಡಿಕೊಟ್ಟೆ. ಹೀಗೆ ಉಳಿದ ಹೊತ್ತನ್ನೆಲ್ಲ ಪ್ರಾಂಪ್ಟಿಗೆ ಸುರಿದರು.

ಪತ್ರಿಕೆ: ಕಮೊಡೋರ್ ಕಂಪನಿ 1994ರಲ್ಲೇ ದಿವಾಳಿಯಾಯಿತಲ್ಲ?

ಶೆಲ್: ಮೆಲ್ಲಗೆ! ಅವರಿಗಿನ್ನೂ ನಂಬಿಕೆ ಬಂದಿಲ್ಲ.

ಪತ್ರಿಕೆ: ಕೊನೆಯ ಪ್ರಶ್ನೆ. ಇಷ್ಟು ಸಿಂಗಾರ ಯಾತಕ್ಕೆ?

ಶೆಲ್: ಅದಕ್ಕೆ 'ವೈ' ಅಂತ ಕಮಾಂಡೇ ಇದೆ, ಒತ್ತಿ ನೋಡಿ. ಹಿಂದಿನ ಕೆಲಸ ಯಾಕೆ ಕೆಟ್ಟಿತು ಅಂತ ಹೇಳೋದೇ ಅದರ ಉದ್ಯೋಗ.

ಒತ್ತಿದೆವು. ಹಿಂದಿನ ಕಮಾಂಡು ಯಾವ ರಿಟರ್ನ್ ಕೋಡನ್ನೂ ಕೊಟ್ಟಿಲ್ಲ ಎಂಬ ಉತ್ತರ ಬಂತು, ಕಿತ್ತಳೆಯಲ್ಲಿ. ಅಷ್ಟರಲ್ಲಿ ಯಜಮಾನರು ಚಹಾದ ಲೋಟಗಳೊಂದಿಗೆ ಮೇಲೆ ಬಂದು ನಮ್ಮ ಹೆಗಲ ಮೇಲಿಂದ ಇಣುಕಿದರು.

"ರಿಟರ್ನ್ ಕೋಡ್ ಬೇಕಿತ್ತಾ? 2.0 ಆವೃತ್ತಿಯಲ್ಲಿ ಅದನ್ನ ಪ್ರಾಂಪ್ಟಿನಲ್ಲೇ ತೋರಿಸಬಹುದು, %ಆರ್ ಅಂತ ಹಾಕಿದರೆ ಆಯ್ತು. ರೋಮ್ ಚಿಪ್ಪು ಬದಲಾಯಿಸಬೇಕು, ಅಷ್ಟೇ. ಸ್ವಲ್ಪ ಇದನ್ನ ಹಿಡ್ಕೊಳ್ಳಿ, ಸ್ಕ್ರೂಡ್ರೈವರ್ ತರ್ತೀನಿ."