ವೀಸಾ ವಕೀಲರು

ರಾಯಚೂರಿನ ಕೋರ್ಟಿನ ಸುತ್ತ ಕಪ್ಪು ಕೋಟುಗಳಿಗೇನೂ ಬರವಿಲ್ಲ. ಆದರೆ ಚಂದ್ರಬಂಡದ ಹುಡುಗನೊಬ್ಬ ಪಾಸ್‌ಪೋರ್ಟಿನ ಚಿಂತೆ ಹೊತ್ತು ಬಸ್ಸಿಳಿದರೆ ಜನ ಬೆರಳು ತೋರಿಸುವುದು ವೀಸಾ ವಕೀಲರ ಕಡೆಗೆ. ಇವರು ಮಾನ್ವಿಯಲ್ಲೂ ಸಿಗುತ್ತಾರೆ, ದೇವದುರ್ಗದಲ್ಲೂ ಸಿಗುತ್ತಾರೆ. ಬೋರ್ಡು ಬೇರೆ, ತಳಿ ಒಂದೇ. ಸ್ವತಃ ಇವರು ವಿಮಾನ ಹತ್ತಿದವರಲ್ಲ. ಕಕ್ಷಿದಾರರನ್ನು ಕಳಿಸಿಕೊಡಲು ಶಂಷಾಬಾದ್ ಏರ್‌ಪೋರ್ಟಿಗೆ ಹೋಗಿ ಗಾಜಿನ ಬಾಗಿಲಿನಿಂದಲೇ ವಾಪಸಾದವರು. ಹಾಗಂತ ದುಬೈ ವಿಷಯ ಎತ್ತಿದರೆ ಅಲ್ಲಿ ದುಡಿದು ಬಂದವನೂ ಇವರೆದುರು ಬಾಯಿ ಮುಚ್ಚಿ ಕೂರಬೇಕು.

ಮಾತು ಕನ್ನಡದಲ್ಲಿ ಶುರುವಾಗುತ್ತದೆ, ಚೌಕಾಸಿ ತೆಲುಗಿನಲ್ಲಿ, ಸಮಾಧಾನ ಉರ್ದುವಿನಲ್ಲಿ, ಫೀಸು ಮಾತ್ರ ಇಂಗ್ಲಿಷಿನಲ್ಲಿ.

"ಹುಟ್ಟಿದ್ದು ಯಾವಾಗ ತಮ್ಮಾ?"

"ಜೂನ್ 1 ರೀ."

ವಕೀಲರು ತಲೆ ಎತ್ತುವುದೇ ಇಲ್ಲ. ಈ ಸೀಮೆಯಲ್ಲಿ ಅರ್ಧ ಊರು ಹುಟ್ಟಿದ್ದು ಜೂನ್ 1ಕ್ಕೇ. ಶಾಲೆಗೆ ಹಚ್ಚುವ ದಿನ ಹೆಡ್‌ಮಾಸ್ತರು ಹುಡುಗನ ಎತ್ತರ ನೋಡಿ ಬರೆದುಕೊಂಡ ತಾರೀಖದು.

"ನಿಮ್ಮವ್ವ ಏನಂತಾಳ?"

"ಬಿಳಿಜ್ವಾಳದ ಸುಗ್ಗ್ಯಾಗ ಹುಟ್ಟೀನಿ ಅಂತಾಳ್ರಿ."

"ಆಕಿ ಮಾತು ಬಿಡು. ಆಕೀ ಹತ್ರ ಸೀಲ್ ಇಲ್ಲ."

ತಾರೀಖು ಮುಗಿದರೆ ಹೆಸರಿನ ಸರದಿ. ಆಧಾರಿನಲ್ಲಿ ಹನುಮಂತ, ಮಾರ್ಕ್ಸ್‌ಕಾರ್ಡಿನಲ್ಲಿ ಹನುಮಂತಪ್ಪ, ವೋಟರ್ ಕಾರ್ಡಿನಲ್ಲಿ ಹನ್ಮಂತು. ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರು ಮಗನಿಗೆ, ಮಗನದು ಅಪ್ಪನಿಗೆ. ಈ ನಾಲ್ವರನ್ನೂ ಹಿಡಿದು ತಂದು "ಇವರೆಲ್ಲ ನಾನೊಬ್ಬನೇ" ಎಂದು ಅಫಿಡವಿಟ್ಟಿನಲ್ಲಿ ಪ್ರಮಾಣ ಮಾಡಿಸುವಷ್ಟರಲ್ಲಿ ಜೆರಾಕ್ಸ್ ಅಂಗಡಿಯವನ ಅವತ್ತಿನ ವ್ಯಾಪಾರ ಮುಗಿದಿರುತ್ತದೆ. ಅಡ್ಡಹೆಸರಿಲ್ಲದವರ ಪಾಡು ಇನ್ನೂ ಕಷ್ಟ. ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ದವರಿಗೆ ವಿಸಿಟ್ ವೀಸಾ ಮೇಲೆ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರಿನಲ್ಲಿ ಸಾರಿದ ಮೇಲೆ, ತಲತಲಾಂತರದಿಂದ ಬರೀ ಹನುಮಂತನಾಗಿದ್ದವನು ರಾತ್ರೋರಾತ್ರಿ ಊರಿನ ಹೆಸರನ್ನೋ ಅಪ್ಪನ ಹೆಸರನ್ನೋ ಬಾಲ ಮಾಡಿಕೊಳ್ಳಬೇಕಾಯಿತು. ಬಾಲ ಹಚ್ಚುವ ಕೆಲಸ ಬಂದದ್ದು ವಕೀಲರ ಪಾಲಿಗೆ.

ಇವರ ಬದುಕಿನ ದುರ್ದಿನವೆಂದರೆ 2016ರ ಡಿಸೆಂಬರ್. ಪಾಸ್‌ಪೋರ್ಟ್ ಅರ್ಜಿಯ ಘೋಷಣೆಗಳಿಗೆ ನೋಟರಿ ಬೇಡ, ಸಾದಾ ಹಾಳೆಯಲ್ಲಿ ಸಹಿ ಮಾಡಿಕೊಟ್ಟರೆ ಸಾಕು ಎಂದು ಕೇಂದ್ರ ಸರ್ಕಾರ ಹೇಳಿಬಿಟ್ಟಿತು. ಬೇರೆಯವರಾಗಿದ್ದರೆ ಅಂಗಡಿ ಮುಚ್ಚುತ್ತಿದ್ದರು. ಇವರು ವಾದ ಬದಲಿಸಿದರು. "ಸಾದಾ ಹಾಳಿ ಸಾಕು ಅಂತ ಸರ್ಕಾರ ಹೇಳೈತಿ, ಖರೆ. ಕೌಂಟರಿನ್ಯಾಗ ಕುಂತಾಂವ ಕೇಳಬೇಕಲ್ಲ? ಇರ್ಲಿ ಒಂದು ಸೀಲ್." ಅಫಿಡವಿಟ್ಟಿನ ಬಾಂಡ್ 20 ರೂಪಾಯಿಯಿಂದ 100ಕ್ಕೆ ಏರಿದಾಗಲೂ ಈ "ಇರ್ಲಿ" ಕದಲಲಿಲ್ಲ. ಸರ್ಕಾರ ಕೇಳದ ಸೀಲಿಗೆ ಬಡವನಿಂದ ದುಡ್ಡು ಕೀಳುವುದು ಸರಿಯಲ್ಲ. ಆದರೆ ಆ ಸೀಲು ಬಿದ್ದ ಮೇಲೆ ಹುಡುಗನ ಮುಖಕ್ಕೆ ಬರುವ ಕಳೆಯೂ ಸುಳ್ಳಲ್ಲ.

2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಅಮೆರಿಕದ ಕೆಲಸದ ವೀಸಾ ಎಚ್-1ಬಿಯ ಹೊಸ ಅರ್ಜಿಗೆ ಲಕ್ಷ ಡಾಲರ್ ಎಂದಾಗ ದೇವದುರ್ಗದ ರಿಟೈರ್ಡ್ ಮಾಸ್ತರರೊಬ್ಬರು ಏದುಸಿರು ಬಿಡುತ್ತ ಬಂದರು. ಮಗ ಅಮೆರಿಕದಲ್ಲಿ. ವಕೀಲರು ಮೊಬೈಲಿನಲ್ಲಿ ಆದೇಶ ಓದಿ, "ಅದು ಹೊಸ ಅರ್ಜಿಗೆ ಸರ. ನಿಮ್ಮ ಹುಡುಗ ಆಗಲೇ ವೀಸಾ ಇದ್ದಾಂವ. ಟಿವಿ ಬಂದ್ ಮಾಡಿ ಊಟ ಮಾಡ್ರಿ" ಎಂದರು. ಇದೇ ಮಾತು ಹೇಳಲು ಅಲ್ಲಿನ ವಕೀಲ ಗಂಟೆಗೆ ನೂರಾರು ಡಾಲರ್ ಎಣಿಸಿಕೊಳ್ಳುತ್ತಾನೆ. ಇಲ್ಲಿ ಒಂದು ಚಾದಲ್ಲಿ ಮುಗಿಯಿತು.

ಇವರನ್ನು ನಗದೆ ನೋಡಬೇಕಾದ ಜಾಗ ಸಿಂಧನೂರು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು ಅಲ್ಲಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪುಗಳಲ್ಲಿ ಭತ್ತ ಬೆಳೆದುಕೊಂಡು ಮೊಮ್ಮಕ್ಕಳನ್ನು ಕಂಡಿವೆ. 2024ರ ಮಾರ್ಚ್ 11ಕ್ಕೆ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು ಬಂದವು. ಅರ್ಜಿ ಆನ್‌ಲೈನು, ಜೊತೆಗೆ ಮೂಲ ದೇಶದ್ದೊಂದು ದಾಖಲೆ. ಜೀವ ಉಳಿಸಿಕೊಂಡು ಓಡಿ ಬಂದವನು ರಸೀದಿ ಇಟ್ಟುಕೊಂಡಿರುತ್ತಾನೆಯೇ? ಅಜ್ಜ, ಮುತ್ತಜ್ಜನ ಕಾಗದವೂ ನಡೆಯುತ್ತದೆ ಎಂದು ಆಮೇಲೆ ಸ್ಪಷ್ಟವಾದಾಗ ಟ್ರಂಕಿನ ತಳ ಜಾಲಾಡಿಸಿ, ಅಕ್ಷರ ಅಳಿಸಿದ ಚೀಟಿ ಬಿಡಿಸಿ ಓದಿ, ಫಾರಂ ತುಂಬಿಕೊಡಲು ಇಂಥವರೇ ಬೇಕು. ಆ ವರ್ಷ ಆಗಸ್ಟಿನಲ್ಲಿ ಅಲ್ಲಿನ ಐವರ ಕೈಗೆ ಪೌರತ್ವದ ಪ್ರಮಾಣಪತ್ರ ಬಂತು. ತಮಾಷೆಯೆಂದರೆ, ಈ ಅರ್ಜಿ ನೋಡುವ ಜಿಲ್ಲಾ ಸಮಿತಿಗೆ ಅಂಚೆ ಇಲಾಖೆಯ ಸೂಪರಿಂಟೆಂಡೆಂಟರೇ ಯಜಮಾನರು. ರಾಯಚೂರಿನ ಪಾಸ್‌ಪೋರ್ಟ್ ಸೇವೆಯೂ ಪೋಸ್ಟಾಫೀಸಿನಲ್ಲೇ. ದೇಶ ಬಿಡುವವನೂ ಪೋಸ್ಟಾಫೀಸಿಗೆ, ದೇಶದವನಾಗುವವನೂ ಪೋಸ್ಟಾಫೀಸಿಗೆ.

ವೀಸಾ ವಕೀಲರ ನಿಜವಾದ ಯೋಗ್ಯತೆ ಗೊತ್ತಾಗುವುದು ಅವರು ಫೀಸು ಕಳೆದುಕೊಳ್ಳುವಾಗ. ಮಾನ್ವಿ ಕಡೆಯ ಹುಡುಗ, ಎಸ್ಸೆಸ್ಸೆಲ್ಸಿ ಫೇಲು, ಸೌದಿಯಲ್ಲಿ ಡ್ರೈವರ್ ಕೆಲಸ ಕೊಡಿಸುತ್ತೇನೆಂದು ಏಜೆಂಟನೊಬ್ಬ ಒಂದೂವರೆ ಲಕ್ಷ ಕೇಳಿದ್ದಾನೆ, ಅದೂ ವಿಸಿಟ್ ವೀಸಾ ಮೇಲೆ. ಬೆಂಗಳೂರಿಗೆ ಗುಳೆ ಹೋಗಿ ಸಾಕಾದವನಿಗೆ ಸೌದಿ ಸ್ವರ್ಗದಂತೆ ಕಂಡಿದೆ. ವಕೀಲರು ಫೈಲು ಮುಚ್ಚಿ ಅವನ ಕೈಗೇ ಕೊಟ್ಟರು. "ಹೊಲ ಮಾರಿ ಜೇಲಿಗೆ ಹೋಗ್ತಿ ಏನಲೇ?"

ಲೆಕ್ಕ ಇಷ್ಟೇ: ಹತ್ತನೇ ಪಾಸಾಗದವರು ಸೌದಿ, ಕುವೈತ್, ಯುಎಇ ಸೇರಿ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು, ಜೊತೆಗೆ 10 ಲಕ್ಷದ ವಿಮೆ. ವಿಸಿಟ್ ವೀಸಾದಲ್ಲಿ ಹೋದವನಿಗೆ ಇದ್ಯಾವುದೂ ಇಲ್ಲ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ನಿಮ್ಮ ಮನೆಯ ಹುಡುಗನೂ ಹೊರಟಿದ್ದರೆ ಏಜೆಂಟನ ನೋಂದಣಿ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹಾಕಿ ನೋಡಿ. ಅದಕ್ಕೆ ಬಾಂಡ್ ಪೇಪರೂ ಬೇಡ, ವಕೀಲರೂ ಬೇಡ.