ಚಿಮಣಿ ಅಂಕಲ್

ಇಂಗ್ಲೆಂಡಿನಲ್ಲಿ ಹಳೇ ಮನೆ ಕೊಂಡ ಕನ್ನಡಿಗರ ಗೃಹಪ್ರವೇಶಕ್ಕೆ ಒಬ್ಬ ಚಿಮಣಿ ಅಂಕಲ್ ಬಂದೇ ಬರುತ್ತಾರೆ. ಕರೆದರೆ ಹೊತ್ತಿಗೆ ಸರಿಯಾಗಿ, ಕರೆಯದಿದ್ದರೆ ಸ್ವಲ್ಪ ಬೇಗ. ಹೊಟ್ಟೆಪಾಡಿಗೆ ಯಾವುದೋ ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಳ್ಳುವವರು. ಆದರೆ ಸ್ವಂತ ಮನೆ ಕೊಳ್ಳುವಾಗ ಸರ್ವೇಯರ್ ಕೊಟ್ಟ ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿಬಿಟ್ಟರು. ಅಲ್ಲಿಂದ ಹಿಡಿದದ್ದು ಈ ಭೂತ.

ಈಚೆಗೆ ರೆಡಿಂಗ್‌ನಲ್ಲಿ ಒಂದು ಸತ್ಯನಾರಾಯಣ ಪೂಜೆ. ಅಂಕಲ್ ಹೂಗುಚ್ಛವನ್ನು ಕಂಕುಳಲ್ಲಿ ಒತ್ತಿಕೊಂಡು, ಎದುರಿನ ಫುಟ್‌ಪಾತಿನಲ್ಲಿ ನಿಂತು, ಮಾಡು ನೋಡುತ್ತಿದ್ದರು. ಒಳಗೆ ಬಂದವರು ದೇವರಿಗೆ ಕೈ ಮುಗಿಯುವ ಮೊದಲು ಗೋಡೆ ನೋಡಿದರು.

“ಅಲ್ಲಾ, ಮೇಲೆ ಚಿಮಣಿ ಇದೆ, ಕೆಳಗೆ ಇಲ್ಲ. ಹಾಗಾದ್ರೆ ಮೇಲಿನದನ್ನ ಹಿಡ್ಕೊಂಡಿರೋರು ಯಾರು?”

“ಎಲ್ಲಾ ಆ ಭಗವಂತ” ಎಂದರು ಪುರೋಹಿತರು.

“ಅದಕ್ಕೆ ಬಿಲ್ಡಿಂಗ್ ಕಂಟ್ರೋಲ್ ಸರ್ಟಿಫಿಕೇಟ್ ಇದೆಯಾ?”

ಸಿಟ್ಟು ಬರುವುದು ಯಾಕೆಂದರೆ, ಅವರು ಕೇಳಿದ್ದು ಸರಿ. ವಿಕ್ಟೋರಿಯಾ ಕಾಲದ ಸಾಲುಮನೆಗಳಲ್ಲಿ ಹೆಚ್ಚುಕಮ್ಮಿ ಕೋಣೆಗೊಂದು ಕಲ್ಲಿದ್ದಲ ಒಲೆ. ಹೊಗೆಗೆಂದು ನೆಲದಿಂದ ಮಾಡಿನಾಚೆಗೂ, ಗೋಡೆಯಿಂದ ಮುಂದಕ್ಕೆ ಚಾಚಿದ ಇಟ್ಟಿಗೆಯ ಗೂಡು. 1952ರಲ್ಲಿ ಲಂಡನ್ನಿಗೆ ವಿಷದ ಮಂಜು ಕವಿಯಿತು, 1956ರಲ್ಲಿ ಶುದ್ಧಗಾಳಿ ಕಾಯ್ದೆ ಬಂತು, ಹಿಂದೆಯೇ ಸೆಂಟ್ರಲ್ ಹೀಟಿಂಗ್. ಒಲೆಗೆ ಕೆಲಸ ತಪ್ಪಿತು, ಸೋಫಾಕ್ಕೆ ಜಾಗ ಬೇಕಾಯಿತು. ಯಾರೋ ಪುಣ್ಯಾತ್ಮರು ರಜೆಯ ದಿನ ಸುತ್ತಿಗೆ ಹಿಡಿದು ಕೈಗೆಟುಕಿದಷ್ಟನ್ನು ಒಡೆದು, ಉಳಿದದ್ದನ್ನು ಮೇಲೆ ಬಿಟ್ಟರು. ಅದರ ತೂಕ ಟನ್ನಿನ ಲೆಕ್ಕದ್ದು. ಅಡಿಗೆ ಉಕ್ಕಿನ ತೊಲೆ ಕೊಟ್ಟರೋ, ಬರೀ ಬಣ್ಣ ಬಳಿದರೋ, ಸೀಲಿಂಗ್ ಹೇಳುವುದಿಲ್ಲ.

ಅಂಕಲ್ ರೇಷ್ಮೆ ಪಂಚೆ ಎತ್ತಿ ಕಟ್ಟಿ ಲಾಫ್ಟ್ ಹತ್ತಿದರು. ಕಥೆಯ ಮೂರನೇ ಅಧ್ಯಾಯ ನಡೆಯುತ್ತಿರುವಾಗ ಮೇಲಿಂದ ಧ್ವನಿ: “ಇಷ್ಟೂ ಭಾರ ಹೊತ್ತಿರೋದು ಗೋಡೆಗೆ ಹೊಡೆದ ಎರಡು ಕಬ್ಬಿಣದ ಬ್ರಾಕೆಟ್ಟು! ತುಕ್ಕು ಹಿಡಿದಿದೆ!”

ಯಜಮಾನ ಮಂತ್ರಾಕ್ಷತೆ ಕೈಯಲ್ಲಿ ಹಿಡಿದೇ ಏಣಿಯ ಬುಡಕ್ಕೆ ಓಡಿದ. “ಸಾಲಿಸಿಟರ್ ಇನ್ಶೂರೆನ್ಸ್ ಮಾಡಿಸಿಕೊಟ್ಟಿದಾರೆ, ಅಂಕಲ್.”

“ಆ ಪಾಲಿಸಿ ಕೌನ್ಸಿಲ್ ನೋಟಿಸ್ ಕೊಟ್ರೆ ದುಡ್ಡು ಕೊಡುತ್ತಪ್ಪಾ, ಇಟ್ಟಿಗೆ ಹಿಡಿಯಲ್ಲ. ಸ್ಟ್ರಕ್ಚರಲ್ ಇಂಜಿನಿಯರ್‌ನ ಕರೆಸು. ಬೇಕಾದ್ರೆ ಸೀಲಿಂಗ್ ಬಿಚ್ಚಿಸು. ಇದರ ಕೆಳಗಿನ ಕೋಣೇಲಿ ಯಾರು ಮಲಗೋದು?”

“ನಮ್ಮಮ್ಮ.”

ತೀರ್ಥಹಳ್ಳಿಯಿಂದ ಮೂರು ತಿಂಗಳಿಗೆಂದು ಬಂದಿದ್ದ ಅಮ್ಮ ಹೂಬತ್ತಿ ಹೊಸೆಯುತ್ತಲೇ ಹೇಳಿದರು: “ನಮ್ಮ ಹಂಚಿನ ಮನೇಲಿ ಮೇಲಿಂದ ಬಿದ್ರೆ ಇಲಿ ಬೀಳ್ತಿತ್ತು, ಅಷ್ಟೇ.”

ಅಂಕಲ್ ತಲೆಯ ತುಂಬ ಮಸಿ ಹೊತ್ತು ಕೆಳಗಿಳಿದರು. ಬ್ರಾಕೆಟ್ಟಿನ ವಿಚಾರ ಅಲ್ಲಿಗೇ ಮುಗಿಯುವುದಿಲ್ಲವಂತೆ. ಎಷ್ಟೋ ಕೌನ್ಸಿಲ್ಲುಗಳು ಅದನ್ನು ಒಪ್ಪುವುದೇ ಇಲ್ಲ. ಒಪ್ಪುವ ಕಡೆಯಲ್ಲೂ ನಡುಗೋಡೆ ಒಂಬತ್ತಿಂಚಾದರೂ ಇರಬೇಕು. ಗೋಡೆಯ ಆಚೆ ಬದಿಯ ಚಿಮಣಿಯನ್ನು ಪಕ್ಕದ ಮನೆಯವರು ತೆಗೆದಿರಬಾರದು. ಎರಡೂ ಕಡೆ ಒಡೆದಿದ್ದರೆ ಸಮತೂಕ ಎಲ್ಲಿಂದ ಬರಬೇಕು?

ಇದನ್ನು ತಿಳಿಯಲು ಇರುವ ದಾರಿ ಒಂದೇ. ಅಂಕಲ್ ಒಂದು ತಟ್ಟೆ ಸಜ್ಜಿಗೆ ಪ್ರಸಾದ ಹಿಡಿದು ಪಕ್ಕದ ಮನೆಯ ಬೆಲ್ ಒತ್ತಿದರು. ಬಾಗಿಲು ತೆರೆದ ಇಂಗ್ಲಿಷ್ ಅಜ್ಜಿ ತಟ್ಟೆ ತೆಗೆದುಕೊಳ್ಳುವ ಮೊದಲೇ ಆಕೆಯ ಹೆಗಲಿನಾಚೆ ಇಣುಕಿದರು.

“ಚಿಮಣಿಯಾ? ನಮ್ಮ ಯಜಮಾನರು ತಾವೇ ಒಡೆದಿದ್ದು. ಬನ್ನಿ, ತೋರಿಸ್ತೀನಿ” ಎಂದು ಅಜ್ಜಿ ಹೆಮ್ಮೆಯಿಂದ ಒಳಗೆ ಕರೆದರು.

ಈಚೆ ಬಾಳೆಲೆ ಹಾಕಿ ಆಗಿತ್ತು, ಕೋಸಂಬರಿ ಬಡಿಸಿಯೂ ಆಗಿತ್ತು. ಎಲ್ಲರೂ ಬಾಗಿಲು ನೋಡುತ್ತ ಕೂತಿದ್ದರು. ಅಂಕಲ್ ಹೆಂಡತಿ ತಾವೇ ಅನ್ನದ ಪಾತ್ರೆ ಎತ್ತಿಕೊಂಡರು.

“ನೀವೆಲ್ಲ ಊಟ ಮಾಡಿ. ಆ ಮನೇಲೂ ಲಾಫ್ಟ್ ಇದೆ.”