ಭಾವನ ಆರು ನಟ್ಟುಗಳು

ನಮ್ಮ ಭಾವ ಆಕ್ಸ್‌ಫರ್ಡಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಡಾಕ್ಟರು. ಜನರನ್ನು ಮಲಗಿಸಿ ಎಬ್ಬಿಸುವುದು ಅವರ ಕಸುಬು. ಮಲಗಿಸಿದವರನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸುತ್ತಾರೆಂದು ಒಳ್ಳೆಯ ಹೆಸರೂ ಇದೆ. ಮನೆಯ ಗ್ಯಾರೇಜಿನಲ್ಲಿ ಅವರೇ ಮಲಗಿಸಿದ 1967ರ ಎಂಜಿಬಿ ಕಾರು ಮಾತ್ರ ಚಳಿಗಾಲ ಕಳೆದು ಬೇಸಿಗೆ ಬಂದರೂ ಎದ್ದಿರಲಿಲ್ಲ. "ಆ ಪೇಷೆಂಟ್ ವಿಷಯ ಮಾತ್ರ ತೆಗೀಬೇಡ ಮಾರಾಯ" ಎಂದು ಅಕ್ಕ ನನ್ನನ್ನು ವಿಮಾನ ನಿಲ್ದಾಣದಲ್ಲೇ ಎಚ್ಚರಿಸಿದ್ದಳು. ನಾನು ತೆಗೆಯಲಿಲ್ಲ. ಭಾವನೇ ತೆಗೆದರು, ಕಾಫಿ ಲೋಟ ಕೆಳಗಿಡುವ ಮೊದಲೇ.

ಎಂಜಿ ಎಂದರೆ ಮೋರಿಸ್ ಗ್ಯಾರೇಜಸ್, ಆಕ್ಸ್‌ಫರ್ಡಿನದೇ ಕೂಸು. ಎಂಜಿಬಿಯನ್ನು ಅಲ್ಲೇ ಪಕ್ಕದ ಅಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಿಸುತ್ತಿದ್ದರು. ಐದು ಲಕ್ಷಕ್ಕೂ ಮೀರಿ ಮಾಡಿದರಂತೆ, ಬಹುಪಾಲು ಅಮೆರಿಕಕ್ಕೆ ಹೋದವು. ಭಾವನ ಪಾಲಿಗೆ ಬಂದದ್ದು ಇಲ್ಲೇ ಉಳಿದ ಒಂದು. ಇಬ್ಬರಿಗಷ್ಟೇ ಜಾಗ, ತಲೆಯ ಮೇಲೆ ಮಡಚುವ ಬಟ್ಟೆ. ಮಳೆ ಬರದ ದಿನ ಹುಡುಕಿ ಓಡಿಸಬೇಕಾದ ಕಾರನ್ನು ಇಂಗ್ಲೆಂಡಿನಲ್ಲಿ ಯಾಕೆ ಮಾಡಿದರೋ ಎಂಬುದು ಅಕ್ಕನ ಪ್ರಶ್ನೆ. ನನ್ನದೂ ಅದೇ. ಕೇಳಲಿಲ್ಲ, ಇನ್ನೂ ಎರಡು ವಾರ ಅವರ ಮನೆಯ ಅನ್ನ ಉಣ್ಣುವುದಿತ್ತು.

ಗ್ಯಾರೇಜಿನ ಸ್ಟ್ಯಾಂಡಿನ ಮೇಲೆ ನಿಂತಿದ್ದ ಎಂಜಿನ್ ನೋಡಿ ನನಗೆ ನೆಂಟರ ಮನೆಯ ಹುಡುಗನನ್ನು ಕಂಡಷ್ಟು ಖುಷಿಯಾಯಿತು. ನಮ್ಮ ಹಳೆಯ ಅಂಬಾಸಡರ್ ಕಾರಿನ ಪೆಟ್ರೋಲ್ ಎಂಜಿನ್ನೂ ಇದೂ ಒಂದೇ ವಂಶ, ಬಿಎಂಸಿಯ ಬಿ-ಸೀರೀಸ್. ಅದು 1489 ಸಿಸಿ, ಇದು 1798. ನಮ್ಮವನು ಮದುವೆ ದಿಬ್ಬಣ ಹೊತ್ತು, ಮಂತ್ರಿಗಳನ್ನು ಹೊತ್ತು, ಘಾಟಿಯಲ್ಲಿ ಕುದಿದು, ನೀರು ಕುಡಿದು ಬದುಕಿದ. ಈತ ಎರಡು ಕಾರ್ಬುರೇಟರ್ ಹಾಕಿಕೊಂಡು ಶೋಕಿ ಮಾಡಿದ. ವ್ಯತ್ಯಾಸ ಅಷ್ಟೇ.

ಕಾಯಿಲೆಯ ಪೂರ್ವವೃತ್ತಾಂತ ಹೀಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ನಿಂದ 'ಟಿಕ್ ಟಿಕ್' ಎಂದು ಸದ್ದು. ಬಿಸಿಯೇರಿದಂತೆ ಸದ್ದು ಕ್ಷೀಣ. ಭಾವ ಆಸ್ಪತ್ರೆಯ ಸ್ಟೆತಸ್ಕೋಪನ್ನೇ ತಂದು ಎಂಜಿನ್ನಿಗಿಟ್ಟು, ಕಣ್ಣು ಮುಚ್ಚಿ, ಆಲಿಸಿ, "ಟ್ಯಾಪೆಟ್" ಎಂದರು. ಆಯಿಲ್ ಮೇಲೇರುವವರೆಗೆ ಟ್ಯಾಪೆಟ್ ಬಡಿಯುತ್ತದೆ, ಏರಿದ ಮೇಲೆ ಸುಮ್ಮನಾಗುತ್ತದೆ ಎಂಬುದು ತರ್ಕ. ತರ್ಕದಲ್ಲಿ ತಪ್ಪೇನಿಲ್ಲ. ಟ್ಯಾಪೆಟ್ ನೋಡಲು ಮೇಲಿನ ಕವರ್ ತೆಗೆದರು. ತೆಗೆದ ಮೇಲೆ ಹೆಡ್ ತೆಗೆದರೆ ವಾಲ್ವೂ ನೋಡಬಹುದಲ್ಲ ಎನಿಸಿತು. ಬ್ರಿಟನ್ನಿನಲ್ಲಿ 2000ದಿಂದ ಸೀಸದ ಪೆಟ್ರೋಲ್ ನಿಂತಿದೆ, ಹಳೆಯ ವಾಲ್ವ್ ಸೀಟುಗಳು ಸವೆಯುತ್ತವೆ, ಗಟ್ಟಿ ಸೀಟು ಕೂರಿಸಿಬಿಡೋಣ. ಹೆಡ್ ಹೋದ ಮೇಲೆ ಬೋರು ಕಣ್ಣಿಗೆ ಬಿತ್ತು. ಬೋರ್ ಮಾಡಿಸುವುದಾದರೆ ಕ್ರ್ಯಾಂಕ್ ಏನು ಪಾಪ ಮಾಡಿತ್ತು? ಹೀಗೆ 'ಟಿಕ್ ಟಿಕ್' ಎಂದ ತಪ್ಪಿಗೆ ಇಡೀ ಎಂಜಿನ್ ಕೆಳಗಿಳಿಯಿತು.

ದೊಡ್ಡ ಕೆಲಸವೆಲ್ಲ ಸಲೀಸು. ಬೋರು, ಕ್ರ್ಯಾಂಕು, ವಾಲ್ವುಗಳನ್ನು ಮೆಷಿನ್ ಶಾಪಿನವರು ಮಾಡಿ, ಬಿಲ್ಲು ಕೊಟ್ಟು, ಕೈ ತೊಳೆದುಕೊಂಡರು. ಭಾವನ ಕೈಗೆ ಉಳಿದದ್ದು ಎಗ್ಸಾಸ್ಟ್ ಮ್ಯಾನಿಫೋಲ್ಡು. ಸಿಲಿಂಡರಿನಿಂದ ಹೊರಬೀಳುವ ಬೆಂಕಿಯಂಥ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಪೈಪಿಗೆ ದಾಟಿಸುವ ಬೀಡುಕಬ್ಬಿಣದ ಕವಲು. ಅದನ್ನು ಹೆಡ್ಡಿಗೆ ಹಿಡಿದಿಡುವುದು ಆರು ಸ್ಟಡ್ಡು, ಆರು ವಾಷರು, ಆರು ಹಿತ್ತಾಳೆ ನಟ್ಟು. ಇಷ್ಟೇ.

ಬಿಚ್ಚಿದ ಕ್ರಮವನ್ನು ಹಿಂದುಮುಂದು ಮಾಡಿದರೆ ಜೋಡಣೆ ಆಯಿತು ಎಂದು ರಿಪೇರಿ ಪುಸ್ತಕಗಳು ಹೇಳುತ್ತವೆ. ಆದರೆ ಭಾವ ಬಿಚ್ಚಿದ ಕ್ರಮ ಹೀಗಿತ್ತು: ಎಣ್ಣೆ ಬಿಡುವುದು, ಕಾಯುವುದು, ಬೈಯುವುದು, ಗ್ಯಾಸ್ ಟಾರ್ಚಿನಿಂದ ಕಾಯಿಸಿ ಮಗಳ ಹುಟ್ಟುಹಬ್ಬದ ಮೇಣದಬತ್ತಿಯನ್ನು ಸ್ಟಡ್ಡಿನ ಬುಡಕ್ಕೆ ಒತ್ತುವುದು, ಮೇಣ ಕರಗಿ ಥ್ರೆಡ್ಡಿನೊಳಗೆ ಇಳಿದ ಮೇಲೆ ಎರಡು ನಟ್ಟು ಒಂದಕ್ಕೊಂದು ಬಿಗಿದು ತಿರುಗಿಸುವುದು. ಐದು ಬಂದವು. ಆರನೆಯದು ಹೆಡ್ಡಿನ ಮಟ್ಟಕ್ಕೆ ಸರಿಯಾಗಿ ಕಟ್ಟಾಯಿತು. ಇದನ್ನು ಹಿಂದುಮುಂದಾಗಿ ಮಾಡುವುದು ಹೇಗೆಂದು ಪುಸ್ತಕ ಬರೆದವರೇ ಹೇಳಬೇಕು. ಮುರಿದ ತುಂಡಿನ ನಟ್ಟನಡುವೆ ತೂತು ಕೊರೆಯಬೇಕು, ಕೊಂಚ ವಾಲಿದರೂ ಹೆಡ್ಡಿನ ಥ್ರೆಡ್ಡು ಹೋಯಿತು. ಭಾವ ಡ್ರಿಲ್ ಕೈಗೆತ್ತಿಕೊಂಡು, ನೋಡಿ, ಕೆಳಗಿಟ್ಟರು. "ಇದು ಸರ್ಜನ್ ಕೆಲಸ ಕಣಯ್ಯ" ಎಂದರು. ಹೆಡ್ ಮತ್ತೆ ಮೆಷಿನ್ ಶಾಪಿಗೆ ಹೋಯಿತು.

ನಾನು ಹೋದಾಗ ಮ್ಯಾನಿಫೋಲ್ಡು ಅಕ್ಕನ ಓವನ್ನಿನಲ್ಲಿತ್ತು. ಶಾಖ ತಡೆಯುವ ಬಣ್ಣ ಬಳಿದರೆ ಅದನ್ನು ಬೇಯಿಸಿ ಗಟ್ಟಿ ಮಾಡಬೇಕಂತೆ. ಗಾಜಿನ ಬಾಗಿಲಾಚೆ, ಕೇಕು ಉಬ್ಬಬೇಕಾದ ತಟ್ಟೆಯಲ್ಲಿ, ಮೂರು ಕಾಲಿನ ಕಪ್ಪು ಕಬ್ಬಿಣ ಕೂತಿತ್ತು. ಮನೆತುಂಬ ಬಣ್ಣದ ಘಾಟು. "ರೀ, ಇನ್ನೆಷ್ಟು ಹೊತ್ತು ಬೇಯಬೇಕು ಅದು? ಒಗ್ಗರಣೆ ಏನಾದ್ರೂ ಹಾಕ್ಲಾ?" ಎಂದಳು ಅಕ್ಕ. ಭಾವ ಗಡಿಯಾರ ನೋಡಿ, "ಇನ್ನರ್ಧ ಗಂಟೆ" ಎಂದರು, ಒಗ್ಗರಣೆಯ ಮಾತು ಕೇಳಿಸಿಕೊಳ್ಳದೆ.

ಮಜಾ ಇರುವುದು ವಾಷರಿನಲ್ಲಿ. ಈ ಎಂಜಿನ್ನಿನಲ್ಲಿ ಗಾಳಿ ಒಳಗೆ ಹೋಗುವುದೂ ಹೊಗೆ ಹೊರಗೆ ಬರುವುದೂ ಒಂದೇ ಮಗ್ಗುಲಿನಿಂದ. ಒಳಗೆ ಕಳಿಸುವ ಮ್ಯಾನಿಫೋಲ್ಡು ಅಲ್ಯುಮಿನಿಯಂ, ಹೊರಗೆ ತರುವುದು ಕಬ್ಬಿಣ. ಎರಡರ ಅಂಚೂ ಅಕ್ಕಪಕ್ಕ ಕೂರುತ್ತವೆ, ನಡುವಿನ ಸ್ಟಡ್ಡುಗಳಲ್ಲಿ ಒಂದೊಂದು ದಪ್ಪ ವಾಷರು ಎರಡನ್ನೂ ಸೇರಿಸಿ ಅದುಮಬೇಕು. ಬಿಸಿಗೆ ಅಲ್ಯುಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ, ಅದು ಬೇರೆ ತಾಪತ್ರಯ. ಎರಡು ಅಂಚಿನ ದಪ್ಪ ಸಮ ಇದ್ದರೆ ಸರಿ. ಒಂದು ತೆಳ್ಳಗಾದರೆ ವಾಷರು ದಪ್ಪದ ಕಡೆ ಕೂತು, ತೆಳ್ಳಗಿನದರ ಮೇಲೆ ಒರಗಿದಂತೆ ನಟಿಸುತ್ತದೆ. ನಟ್ಟು ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ.

ಭಾವನ ಮ್ಯಾನಿಫೋಲ್ಡನ್ನು ಹಿಂದಿನ ಯಾವ ಮಾಲೀಕನೋ ಸೊಟ್ಟಗಾಗಿದೆಯೆಂದು ಉಜ್ಜಿಸಿದ್ದ. ಕಬ್ಬಿಣದ ಅಂಚು ಕಾಲು ಮಿಲಿಮೀಟರಿನಷ್ಟು ತೆಳ್ಳಗಿತ್ತು. ಹಳೆಯ ಪ್ಯಾಕಿಂಗನ್ನು ಭಾವ ಬಿಸಾಡಿರಲಿಲ್ಲ, ನನ್ನ ಕೈಗಿತ್ತರು. ಕೊನೆಯ ತೂತಿನ ಅಂಚಿನಿಂದ ಹೊರಗಿನವರೆಗೆ ಮಸಿಯ ಒಂದು ಗೆರೆ, ಕಾಡಿಗೆ ತೀಡಿದಷ್ಟು ಸ್ಪಷ್ಟ. ಹೊಗೆ ನುಸುಳಿದ ದಾರಿ. ಸಿಲಿಂಡರು ಉಸಿರು ಬಿಟ್ಟಾಗಲೆಲ್ಲ ಆ ಸಂದಿಯಲ್ಲಿ 'ಟಿಕ್'. ಕಬ್ಬಿಣ ಕಾದು ಹಿಗ್ಗಿದಾಗ ಸಂದಿ ಮುಚ್ಚಿ, ಸದ್ದು ಕ್ಷೀಣ.

ಅಕ್ಕ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. "ಅಂದ್ರೆ ಟ್ಯಾಪೆಟ್ ಸರಿಯಾಗೇ ಇತ್ತಾ?"

ಭಾವ ಪ್ಯಾಕಿಂಗನ್ನು ಬೆಳಕಿಗೆ ಹಿಡಿದರು.

"ಅಂದ್ರೆ ಎಂಜಿನ್ ಇಳಿಸೋದೇ ಬೇಕಿರ್ಲಿಲ್ವಾ?"

"ಇಳಿಸದೇ ಇದ್ದಿದ್ರೆ ಬೇಕಿರ್ಲಿಲ್ಲ ಅಂತ ಗೊತ್ತಾಗೋದು ಹೇಗೆ?" ಎಂದರು ಭಾವ. ಡಾಕ್ಟರುಗಳ ಬಿಲ್ಲು ಯಾಕೆ ಅಷ್ಟಿರುತ್ತದೆಂದು ನನಗೆ ಅರ್ಥವಾದಂತಾಯಿತು.

ಮುಂದಿನ ದಿನಗಳು ಅರದ ಸದ್ದಿನಲ್ಲಿ ಕಳೆದವು. ವಾಷರಿನ ಅಲ್ಯುಮಿನಿಯಂ ಕಡೆಯ ಅರ್ಧವನ್ನಷ್ಟೇ ಕಾಲು ಮಿಲಿಮೀಟರು ಸವೆಸಬೇಕು. ಕ್ರಿಕೆಟ್ ನೋಡುತ್ತ ಉಜ್ಜುವುದು, ಅಳೆಯುವುದು, ಮತ್ತೆ ಉಜ್ಜುವುದು. ಹಪ್ಪಳದ ತಟ್ಟೆಯ ಮೇಲೆ ಕಬ್ಬಿಣದ ಪುಡಿ ಬಿದ್ದ ದಿನ ಅಕ್ಕ ರಿಮೋಟು, ಅರ, ಭಾವ ಮೂವರನ್ನೂ ಗ್ಯಾರೇಜಿಗೆ ಕಳಿಸಿದಳು.

ನಟ್ಟು ಹಿತ್ತಾಳೆಯದೇ ಆಗಬೇಕು. ಉಕ್ಕಿನ ಸ್ಟಡ್ಡಿಗೆ ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ, ಮೆತ್ತಗಾದ್ದರಿಂದ ಸ್ಲಿಪ್ ಆದರೂ ನಟ್ಟಿನ ಥ್ರೆಡ್ಡು ಹೋಗುತ್ತದೆ, ಸ್ಟಡ್ಡು ಉಳಿಯುತ್ತದೆ. ಮೆತ್ತಗಿರುವುದರ ತೊಂದರೆಯೂ ಇದೆ. ಪಾನಾ ಅರ್ಧ ಇಂಚಿನದೇ ಬೇಕು, ಎಂದರೆ 12.7 ಮಿಲಿಮೀಟರು. ಮಗಳು ಸಹಾಯ ಮಾಡಲೆಂದು ಸೈಕಲ್ ಡಬ್ಬದಿಂದ 13ರ ಪಾನಾ ತಂದಳು. ಭಾವ ಅದನ್ನು ಆಪರೇಷನ್ ಥಿಯೇಟರಿಗೆ ಚಪ್ಪಲಿ ಹಾಕಿಕೊಂಡು ಬಂದವರನ್ನು ನೋಡುವಂತೆ ನೋಡಿದರು.

ಬಿಗಿ ಎಷ್ಟಿರಬೇಕು? 15 ಅಡಿ-ಪೌಂಡು, ಟಾರ್ಕ್ ವ್ರೆಂಚು 'ಕಟ್' ಎಂದೊಡನೆ ನಿಲ್ಲಿಸಬೇಕು. ನಮ್ಮೂರಿನ ಅಂಬಾಸಡರ್ ಮೇಸ್ತ್ರಿಯ ಸೂತ್ರ ಬೇರೆ: ಇನ್ನರ್ಧ ಸುತ್ತು ಹಾಕಿದರೆ ಕಟ್ಟಾಗುತ್ತದೆ ಅನ್ನಿಸಿದಲ್ಲಿ ನಿಲ್ಲಿಸು. ಭಾವನಿಗೆ ಹೇಳಿದೆ. "ಅನ್ನಿಸೋದು ಹೇಗೆ?" ಎಂದರು. ಮೊದಲು ನಾಲ್ಕು ಕಟ್ ಮಾಡಿದರೆ ಐದನೆಯದರಿಂದ ಅನ್ನಿಸತೊಡಗುತ್ತದೆ ಎಂದೆ. ಅವರು ವ್ರೆಂಚನ್ನೇ ನಂಬಿದರು.

ಎಂಜಿನ್ ಕಾರಿನೊಳಗೆ ಕೂತ ಮೇಲೆ ಹೊಸ ಪ್ಯಾಕಿಂಗು, ತಾಮ್ರದ ಗ್ರೀಸು, ನಡುವಿನಿಂದ ಶುರುಮಾಡಿ ಹೊರಕ್ಕೆ ಒಂದೊಂದೇ ನಟ್ಟು. ಆರನೆಯದೂ 'ಕಟ್' ಎಂದಿತು. ಭಾವ ನೆಟ್ಟಗೆ ನಿಂತು, ಸೊಂಟ ಹಿಡಿದುಕೊಂಡು, "ಮುಗೀತು" ಎಂದು ಅಡುಗೆಮನೆಗೆ ಕೇಳುವಂತೆ ಕೂಗಿದರು. ಅಕ್ಕ ಕಾಫಿ ತಂದಳು, ಅದರೊಂದಿಗೆ ಕೋಡುಬಳೆಯನ್ನೂ.

ನಾನು ಸುಮ್ಮನಿರಬಹುದಿತ್ತು. ಬಗ್ಗಿ ನೋಡಿದೆ. "ಭಾವ, ಕೆಳಗೆ ಪೈಪು ಸೇರೋ ಕಡೆ ಮೂರು ಮೂರು ಸ್ಟಡ್ಡು ಇದೆಯಲ್ಲ, ಅದರ ನಟ್ಟು ಎಲ್ಲಿ?"

"ಅವು ಬೇರೆ ಆರು," ಎಂದರು ಭಾವ, ಕೋಡುಬಳೆ ಮುರಿಯುತ್ತ. "ಆರ್ಡರ್ ಮಾಡಿದೀನಿ."